ಈಜಿಪ್ಟಿನ ನಾಣ್ಯಗಳೂ ಆಳಿಕೆಯ ವರ್ಷವೂ

ಈಜಿಪ್ಟ್ ದೇಶದ ನಾಣ್ಯಗಳನ್ನು ಸಂಗ್ರಹಿಸುವವರು ಅವುಗಳನ್ನು ಗ್ರೀಕ, ರೋಮಕ, ಅರಬ್ಬೀ, ಆಧುನಿಕ ಎಂದು ವಿಭಾಗಿಸಿಡುವುದು ವಾಡಿಕೆ. ಲಿಪಿಯೂ ಮತವೂ ಭಿನ್ನವಾದುದರಿಂದ ಈ ವಿಭಾಗವು ಮೇಲ್ನೋಟಕ್ಕೆ ಸಾಧುವೆಂದೇ ತೋರುತ್ತದೆ. ಆದರೆ ಕಾಲನಿರ್ಣಯದಲ್ಲಿ ಒಂದು ವಿಭಾಗದವರು ಎದುರಿಸುವ ತೊಡಕೇ ಇನ್ನೊಂದರಲ್ಲಿಯೂ ಇದೆಯೆಂಬುದು ಇದರಿಂದ ಮರೆಯಾಗುತ್ತದೆ.

ರೋಮನರ ಆಳಿಕೆಯಲ್ಲಿ ಅಲೆಕ್ಸಾಂಡ್ರಿಯದ ಟಂಕಸಾಲೆಯು ಚಕ್ರವರ್ತಿಯ ಆಳಿಕೆಯ ವರ್ಷವನ್ನು ಗ್ರೀಕ್ ಅಕ್ಷರಗಳಿಂದ ಸೂಚಿಸುತ್ತಿತ್ತು. ಪಟ್ಟವೇರಿದ ದಿನ ಯಾವುದೇ ಆಗಲಿ, ಆಗಸ್ಟ್ ತಿಂಗಳ ಕೊನೆಗೆ ಬರುವ ಈಜಿಪ್ಟಿನ ಹೊಸವರ್ಷದೊಡನೆ ಎರಡನೆಯ ವರ್ಷ ಮೊದಲಾಗುವುದು. ಗಾಲ್ಬನು ಕ್ರಿ. ಶ. 68ರ ಜೂನಿನಲ್ಲಿ ಪಟ್ಟಕ್ಕೆ ಬಂದು 69ರ ಜನವರಿಯಲ್ಲಿ ಹತನಾದನು. ಆಳಿದುದು ಏಳೇ ತಿಂಗಳು. ನಾಣ್ಯಗಳಲ್ಲಿ ಎರಡನೆಯ ವರ್ಷವೂ ಉಂಟು! ಇದನ್ನು ಕೂಟನಾಣ್ಯವೆಂದು ಶಂಕಿಸುವುದು ಓದುವವನ ದೋಷವೇ ಹೊರತು ನಾಣ್ಯದ್ದಲ್ಲ.

ಅರಬ್ಬರ ದೀನಾರಗಳಲ್ಲಿ ಹಿಜರಿ ವರ್ಷವೇ ನೇರವಾಗಿ ಇರುವುದರಿಂದ ಅಲ್ಲಿ ಈ ತೊಡಕಿಲ್ಲ. ತುರ್ಕಿಯ ಸುಲ್ತಾನರ ಹೆಸರಿನಲ್ಲಿ ಹೊರಟ ನಾಣ್ಯಗಳಲ್ಲಿ ಅದು ಮರಳಿ ಬರುತ್ತದೆ. ಎರಡನೆಯ ಅಬ್ದುಲ್ ಹಮೀದನ ಈಜಿಪ್ಟ್ ನಾಣ್ಯಗಳಲ್ಲಿ ಕಾಣುವ ಹಿಜರಿ 1293 ಅವನು ಪಟ್ಟವೇರಿದ ವರ್ಷ, ಎಂದರೆ ಕ್ರಿ. ಶ. 1876. ಟಂಕಿಸಿದ ವರ್ಷವು ಬೇರೊಂದು ಅಂಕೆಯಿಂದ ತಿಳಿಯತಕ್ಕದ್ದು. ಆ ಅಂಕೆ 33 ಆಗಿದ್ದರೆ ಹಿಜರಿ 1325, ಎಂದರೆ 1907. ಇದನ್ನು ಗಮನಿಸದ ಪಟ್ಟಿಕಾರನು ಮೂವತ್ತೊಂದು ವರ್ಷ ತಪ್ಪುತ್ತಾನೆ.

ಈ ಎರಡು ಪದ್ಧತಿಗಳಿಗೆ ಪರಂಪರೆಯ ಸಂಬಂಧವನ್ನು ಕಲ್ಪಿಸುವುದು ಅತಿಸಾಹಸ. ಓದುವ ಎಚ್ಚರ ಮಾತ್ರ ಎರಡಕ್ಕೂ ಒಂದೇ. ಹೊಳಪಿನ ಆಸೆಯಿಂದ ನಾಣ್ಯವನ್ನು ತಿಕ್ಕಿ ಬೆಳಗುವವರು ಮುಖಮುದ್ರೆಯನ್ನು ಕಂಡು ಸಂತೋಷಪಡಬಹುದು. ಗಾಲ್ಬನ ಮೊದಲ ವರ್ಷಕ್ಕೂ ಎರಡನೆಯದಕ್ಕೂ ಇರುವ ಭೇದವಾದರೋ ಆಲ್ಫ, ಬೀಟ ಎಂಬ ಒಂದೊಂದು ಅಕ್ಷರದಲ್ಲಿದೆ.