ಗೇಟಿಗೆ ಅಂಟಿಸಿದ ಜಾಹೀರಾತು: ಸಾಲುಸಾಲಿಗೆ ಅರ್ಥ

ಯಾವ ಊರಿನ ನರ್ಸಿಂಗ್ ಹೋಮಿನ ಗೇಟಿನಲ್ಲಾದರೂ ಕಾಣುವ ಚೀಟಿ ಇದು. ಪಿಯುಸಿ ಮುಗಿಸಿದ ಹುಡುಗ ಹುಡುಗಿಯರು ನಿಂತು ಓದುತ್ತಾರೆ, ಫೋಟೊ ಹೊಡೆದುಕೊಳ್ಳುತ್ತಾರೆ. ಅದರ ಸಾಲುಗಳನ್ನು ಸ್ವಲ್ಪ ಬಿಡಿಸಿ ನೋಡೋಣ.

“ಲ್ಯಾಬ್ ಟೆಕ್ನೀಷಿಯನ್, ಎಕ್ಸ್‌ರೇ ಟೆಕ್ನೀಷಿಯನ್, ಸ್ಟಾಫ್ ನರ್ಸ್, ಆಯಾ ಬೇಕಾಗಿದ್ದಾರೆ.”

ಒಂದೇ ಉಸಿರಿಗೆ ಹೇಳಿದ್ದರೂ ಒಂದರಿಂದ ಇನ್ನೊಂದಕ್ಕೆ ದಾರಿಯಿಲ್ಲ. ಆಯಾ ಆಗಿ ಎಷ್ಟು ವರ್ಷ ದುಡಿದರೂ ಅನುಭವದ ಮೇಲೆ ಸ್ಟಾಫ್ ನರ್ಸ್ ಆಗಲು ಬರುವುದಿಲ್ಲ. ಅದಕ್ಕೆ 3 ವರ್ಷದ ಜಿಎನ್‌ಎಂ ಡಿಪ್ಲೊಮಾ ಇಲ್ಲವೇ 4 ವರ್ಷದ ಬಿಎಸ್ಸಿ ನರ್ಸಿಂಗ್ ಓದಿ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸಬೇಕು. ಡಾಕ್ಟರ್ ಸೀಟು ಸಿಗದವರು ಟೆಕ್ನೀಷಿಯನ್ ಆಗುತ್ತಾರೆ ಎಂದು ಮೂಗು ಮುರಿಯುವ ನೆಂಟರಿದ್ದಾರೆ. ಅವರ ಮಾತನ್ನು ಪಕ್ಕಕ್ಕಿಡಿ.

“ಡಿಎಂಎಲ್‌ಟಿ / ಬಿಎಸ್ಸಿ ಎಂಎಲ್‌ಟಿ ಆಗಿರಬೇಕು.”

ಮೊದಲನೆಯದು ಮೆಡಿಕಲ್ ಲ್ಯಾಬ್ ಟೆಕ್ನಾಲಜಿಯ ಡಿಪ್ಲೊಮಾ, ಕರ್ನಾಟಕದಲ್ಲಿ ಪ್ಯಾರಾಮೆಡಿಕಲ್ ಬೋರ್ಡಿನ ಕೆಳಗೆ ಬರುತ್ತದೆ. ಎರಡನೆಯದು ಅದೇ ವಿಷಯದ ಪದವಿ. ಮನೆಗೆ ಬೇಗ ಸಂಬಳ ಬೇಕಿದ್ದರೆ ಡಿಪ್ಲೊಮಾ ಸಾಕು, ಮುಂದೆ ಎಂಎಸ್ಸಿ ಓದುವ ಆಸೆಯಿದ್ದರೆ ಪದವಿಯೇ ಸರಿ. ಆರು ತಿಂಗಳಲ್ಲಿ ಸರ್ಟಿಫಿಕೇಟ್ ಕೊಡುತ್ತೇವೆ ಎನ್ನುವ ಅಂಗಡಿಗಳದ್ದು ಇವೆರಡೂ ಅಲ್ಲ. ಇಂಥ ವೃತ್ತಿಗಳ ಶಿಕ್ಷಣಕ್ಕೂ ನೋಂದಣಿಗೂ 2021ರಲ್ಲಿ ಕೇಂದ್ರದ ಕಾಯ್ದೆಯೇ ಬಂದಿದೆ. ಫೀಸು ಕಟ್ಟುವ ಮೊದಲು ಕಾಲೇಜಿಗೆ ಮಾನ್ಯತೆ ಇದೆಯೇ ಎಂದು ಕಾಲೇಜನ್ನಲ್ಲ, ಡಿಪ್ಲೊಮಾಗಾದರೆ ಬೋರ್ಡನ್ನು, ಪದವಿಗಾದರೆ ವಿಶ್ವವಿದ್ಯಾಲಯವನ್ನು ಕೇಳಿ.

“ಬ್ಲಡ್ ಕಲೆಕ್ಷನ್ ಚೆನ್ನಾಗಿ ಬರಬೇಕು.”

ಚೀಟಿಯ ಜೀವ ಇರುವುದು ಇಲ್ಲಿ. ನರ ಸಿಕ್ಕರೆ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ಮುಖ್ಯ ಕೆಲಸ ಅಲ್ಲಿಂದ ಶುರು. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಇರುತ್ತದೆ, ಅದು ರಕ್ತಕಣ ಎಣಿಸುವ ಸಿಬಿಸಿ ಪರೀಕ್ಷೆಗೆ. ಬೂದು ಮುಚ್ಚಳದ್ದು ಸಕ್ಕರೆ ಪರೀಕ್ಷೆಗೆ. ತಿಳಿನೀಲಿಯದು ರಕ್ತ ಹೆಪ್ಪುಗಟ್ಟುವ ಸಮಯ ನೋಡಲು. ಅದನ್ನು ಗುರುತಿನ ತನಕ ತುಂಬಲೇಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಸೀರಂ ಪರೀಕ್ಷೆಯ ಕೆಂಪು ಮುಚ್ಚಳದ್ದಕ್ಕೆ ರಕ್ತ ಸಾಲದೆ ಬಂತೆಂದು ನೇರಳೆಯಿಂದ ಒಂದಿಷ್ಟು ಸುರಿದಿರೋ, ಪೊಟ್ಯಾಷಿಯಂ ಸುಳ್ಳೇ ಏರಿ ಕ್ಯಾಲ್ಸಿಯಂ ಸುಳ್ಳೇ ಇಳಿದು, ಇಲ್ಲದ ಕಾಯಿಲೆಗೆ ಔಷಧ ಶುರುವಾಗುತ್ತದೆ. ಟ್ಯೂಬನ್ನು ಮೆಲ್ಲಗೆ ಮಗುಚಬೇಕೇ ಹೊರತು ಕುಲುಕಬಾರದು. ಕುಲುಕಿದರೆ ಕೆಂಪು ರಕ್ತಕಣಗಳು ಒಡೆಯುತ್ತವೆ. ರೋಗಿಯ ಹೆಸರನ್ನು ಅವರ ಬಾಯಿಂದಲೇ ಹೇಳಿಸಿ, ಮಂಚದ ಪಕ್ಕದಲ್ಲೇ ಲೇಬಲ್ ಅಂಟಿಸಬೇಕು. ಡಾಕ್ಟರು ರಿಪೋರ್ಟನ್ನು ನಂಬುತ್ತಾರೆ. ಆ ನಂಬಿಕೆ ನಿಂತಿರುವುದು ಈ ಕೈಗಳ ಮೇಲೆ.

“ನೈಟ್ ಡ್ಯೂಟಿ ಕಡ್ಡಾಯ.”

ನಿಜ. ಇದರಲ್ಲಿ ಮುಚ್ಚುಮರೆಯಿಲ್ಲ.

“ಸಂಬಳ ಅನುಭವಕ್ಕೆ ತಕ್ಕಂತೆ.”

ಹೊಸಬರಿಗೆ ಕಡಿಮೆ ಎಂದರ್ಥ. ಎಷ್ಟು, ಪಿಎಫ್ ಉಂಟೇ, ವಾರದ ರಜೆ ಉಂಟೇ ಎಂದು ನಾಚಿಕೆ ಬಿಟ್ಟು ಕೇಳಬೇಕು. ಎಕ್ಸ್‌ರೇ ಕೋಣೆಗೆ ಸೇರುವವರು ಅದಕ್ಕೂ ಮೊದಲು ಟಿಎಲ್‌ಡಿ ಬ್ಯಾಡ್ಜ್ ಕೇಳಬೇಕು. ಮೈಮೇಲೆ ಬಿದ್ದ ವಿಕಿರಣವನ್ನು ಅಳೆಯುವ ಪುಟ್ಟ ಬಿಲ್ಲೆ ಅದು. ಲೆಡ್ ಏಪ್ರನ್ನಿನ ಒಳಗೆ, ಎದೆಯ ಮಟ್ಟದಲ್ಲಿ ಸಿಕ್ಕಿಸಿಕೊಳ್ಳುತ್ತಾರೆ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಮಿತಿ, 5 ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್. ಬ್ಯಾಡ್ಜ್ ಕೊಡದ ಕಡೆ ಸೇರಬೇಡಿ.

“ಮೂಲ ಪ್ರಮಾಣಪತ್ರಗಳೊಂದಿಗೆ ಬನ್ನಿ.”

ಒಯ್ಯಿರಿ, ತೋರಿಸಿ, ಜೆರಾಕ್ಸ್ ಕೊಡಿ. ಮೂಲ ಪ್ರತಿಗಳನ್ನು ಮಾತ್ರ ಯಾರ ಕಪಾಟಿನಲ್ಲೂ ಬಿಟ್ಟು ಬರಬೇಡಿ; ಕೆಲಸ ಬದಲಿಸುವ ದಿನ ಅವು ನಿಮ್ಮ ಕೈಯಲ್ಲೇ ಇರಬೇಕು.