ಹೋದ ಮೇಲೆ ಬರುವ ಸುದ್ದಿ

ಜಾವಾಸ್ಕ್ರಿಪ್ಟಿನಲ್ಲಿ ಆಬ್ಜೆಕ್ಟೊಂದನ್ನು ಹುಟ್ಟಿಸಲು ಒಂದು ಸಾಲು ಸಾಕು. ಅಳಿಸಲು ಮಾತ್ರ ಸಾಲೇ ಇಲ್ಲ. ‘ಡಿಲೀಟ್’ ಎಂಬ ಪದ ಭಾಷೆಯಲ್ಲಿ ಇದೆ, ನಿಜ. ಅದು ಆಬ್ಜೆಕ್ಟಿನ ಒಳಗಿರುವ ಒಂದು ಹೆಸರನ್ನು ಕಿತ್ತುಹಾಕುತ್ತದೆಯೇ ಹೊರತು ಆಬ್ಜೆಕ್ಟನ್ನೇ ಅಲ್ಲ. ಓಡುತ್ತಿರುವ ಪ್ರೋಗ್ರಾಮಿನ ಬೇರಿನಿಂದ ಹೊರಟರೆ ಯಾವ ದಾರಿಯಲ್ಲೂ ಆ ಆಬ್ಜೆಕ್ಟನ್ನು ಮುಟ್ಟಲಾಗದು ಎಂದಾದಾಗ ಗಾರ್ಬೇಜ್ ಕಲೆಕ್ಟರ್ ಬಂದು ಅದರ ಜಾಗವನ್ನು ವಾಪಸ್ ಪಡೆಯುತ್ತದೆ. ಎಂದು ಬರುತ್ತದೆ? ಅದರ ಮರ್ಜಿ. ಬಂದುಹೋದದ್ದು ನಮಗೆ ತಿಳಿಯುತ್ತದೆಯೇ? 2021ರವರೆಗೆ ಭಾಷೆಯ ಉತ್ತರ ಒಂದೇ: ಇಲ್ಲ, ತಿಳಿಯಲೂ ಬಾರದು.

ಆ ವರ್ಷದ ಜೂನ್‌ನಲ್ಲಿ ಹೊರಬಂದ ಜಾವಾಸ್ಕ್ರಿಪ್ಟಿನ ಅಧಿಕೃತ ನಿಯಮಾವಳಿಯಾದ ಎಕ್ಮಾಸ್ಕ್ರಿಪ್ಟಿನ 12ನೇ ಆವೃತ್ತಿ ಈ ಹಟವನ್ನು ತುಸು ಸಡಿಲಿಸಿತು. ‘ವೀಕ್‌ರೆಫ್’ ಮತ್ತು ‘ಫೈನಲೈಸೇಷನ್‌ರಿಜಿಸ್ಟ್ರಿ’ ಎಂಬ ಜೋಡಿ ಭಾಷೆಗೆ ಸೇರಿತು. ಮೊದಲನೆಯದು ಆಬ್ಜೆಕ್ಟು ಕಸಕ್ಕೆ ಹೋಗುವುದನ್ನು ತಡೆಯದೆ ಅದನ್ನು ತೋರಿಸುವ ಕೊಂಡಿ, ಎರಡನೆಯದು ಅದು ಹೋದ ಸುದ್ದಿ ತರುವ ವ್ಯವಸ್ಥೆ. ಕ್ರೋಮ್ 84 ಮತ್ತು ಫೈರ್‌ಫಾಕ್ಸ್ 79 ಇವನ್ನು 2020ರಲ್ಲೇ ತಂದಿದ್ದವು, ಸಫಾರಿ ಮರುವರ್ಷ 14.1ರಲ್ಲಿ ತಂದಿತು. ಕೋಡು ಬರೆಯುವುದನ್ನು ಹೊಟ್ಟೆಪಾಡಿಗಲ್ಲದೆ ಖುಷಿಗೂ ಮಾಡುವವರು ಈ ಎರಡನೆಯದನ್ನು ಒಮ್ಮೆಯಾದರೂ ಕೈಯಲ್ಲಿ ಹಿಡಿದು ನೋಡಬೇಕು. ನಿತ್ಯ ಬಳಕೆಗೆ ಬರುತ್ತದೆ ಎಂದಲ್ಲ, ಅದನ್ನು ಕಟ್ಟಿದ ರೀತಿಯೇ ಅಷ್ಟು ಸೊಗಸಾಗಿದೆ.

ಉದಾಹರಣೆಗೆ ದೂರ ಹೋಗುವುದು ಬೇಡ. ಅರಸೀಕೆರೆ ಪಕ್ಕದ ಮಾಲೇಕಲ್ಲು ತಿರುಪತಿಯ ಆಷಾಢದ ತೇರಿನ ಫೋಟೊಗಳನ್ನು ಒಂದಾದ ಮೇಲೊಂದು ತೋರಿಸುವ ಪುಟವೊಂದನ್ನು ಮಾಡಿಟ್ಟುಕೊಂಡಿದ್ದೇನೆ. ಬೆಟ್ಟದ ಮೆಟ್ಟಿಲು ಹತ್ತುವವರು, ಕಳಸಕ್ಕೆ ಗುರಿಯಿಟ್ಟು ಬಾಳೆಹಣ್ಣು ಎಸೆಯುವವರು, ಹಗ್ಗಕ್ಕೆ ಕೈಹಾಕಲು ನುಗ್ಗುವ ಹುಡುಗರು, ಹೀಗೆ. ಟಿವಿಗೆ ಹಾಕಿಬಿಟ್ಟರೆ ದಿನವಿಡೀ ಓಡುತ್ತದೆ. ದಿನವಿಡೀ ಓಡುವ ಪುಟಗಳಲ್ಲೇ ಮೆಮೊರಿಯ ಗುಟ್ಟು ಹೊರಬೀಳುವುದು. ನೆಟ್ಟಿನಿಂದ ಇಳಿಸಿಕೊಂಡ ಪ್ರತಿ ಚಿತ್ರಕ್ಕೂ, ನಾವು ಕೋಡಿನಲ್ಲಿ ಕೇಳಿದರೆ, ಬ್ರೌಸರ್ ಒಂದು ತಾತ್ಕಾಲಿಕ ವಿಳಾಸ ಕೊಡುತ್ತದೆ. ಇದಕ್ಕೆ ಬ್ಲಾಬ್ ಯುಆರ್‌ಎಲ್ ಎನ್ನುತ್ತಾರೆ. ಈ ವಿಳಾಸದ ಸ್ವಭಾವ ವಿಚಿತ್ರ. ನಾವು ‘ರಿವೋಕ್’ ಎಂದು ಹೇಳಿ ರದ್ದುಮಾಡುವ ತನಕ, ಇಲ್ಲವೇ ಪುಟವನ್ನೇ ಮುಚ್ಚುವ ತನಕ ಅದು ಚಿತ್ರದ ಅಷ್ಟೂ ಬೈಟುಗಳನ್ನು ಹಿಡಿದುಕೊಂಡಿರುತ್ತದೆ. ಚಿತ್ರವನ್ನು ನೋಡಿಕೊಳ್ಳುತ್ತಿದ್ದ ಜಾವಾಸ್ಕ್ರಿಪ್ಟ್ ಆಬ್ಜೆಕ್ಟು ಎಂದೋ ಹೋಗಿರಬಹುದು, ವಿಳಾಸ ಮಾತ್ರ ಜೀವಂತ. ನಾಲ್ಕೈದು ಎಂಬಿಯ ನೂರು ಫೋಟೊ ಹೀಗೆ ಉಳಿದರೆ ಲೆಕ್ಕ ನೀವೇ ಹಾಕಿ.

ಇಲ್ಲಿ ರಿಜಿಸ್ಟ್ರಿಯ ಕೆಲಸ. ಜಾವಾಸ್ಕ್ರಿಪ್ಟಿನಲ್ಲಿ ವೇರಿಯಬಲ್‌ಗಳಿಗೆ ಕನ್ನಡದಲ್ಲೇ ಹೆಸರಿಡಬಹುದಾದ್ದರಿಂದ ನನ್ನ ಕೋಡಿನಲ್ಲಿ ಅದರ ಹೆಸರು ‘ಸುದ್ದಿಗಾರ’. ಅದನ್ನು ಹುಟ್ಟಿಸುವಾಗ ಒಂದು ಫಂಕ್ಷನ್ ಕೊಡುತ್ತೇವೆ: ಸುದ್ದಿ ಬಂದಾಗ ಏನು ಮಾಡಬೇಕು ಎಂಬುದು ಅದರಲ್ಲಿರುತ್ತದೆ. ಆಮೇಲೆ ಪ್ರತಿ ಚಿತ್ರವನ್ನೂ ನೋಂದಾಯಿಸುತ್ತೇವೆ. ನೋಂದಣಿಗೆ ಮೂರು ಸಂಗತಿ ಕೊಡಬಹುದು. ಮೊದಲನೆಯದು ನಿಗಾ ಇಡಬೇಕಾದ ಆಬ್ಜೆಕ್ಟು. ಎರಡನೆಯದು ಒಂದು ಚೀಟಿ, ನಮ್ಮಲ್ಲಿ ಆ ಬ್ಲಾಬ್ ವಿಳಾಸ. ಮೂರನೆಯದು ಐಚ್ಛಿಕ: ಮುಂದೆಂದಾದರೂ ನೋಂದಣಿ ರದ್ದುಮಾಡಲು ಬೇಕಾಗುವ ಟೋಕನ್. ಚಿತ್ರದ ಆಬ್ಜೆಕ್ಟು ಕಸಕ್ಕೆ ಹೋದ ಮೇಲೆ ನಮ್ಮ ಫಂಕ್ಷನ್ನಿಗೆ ಕರೆ ಬರುತ್ತದೆ, ಕೈಗೆ ಚೀಟಿ ಸಿಗುತ್ತದೆ, ವಿಳಾಸವನ್ನು ರಿವೋಕ್ ಮಾಡುತ್ತೇವೆ. ಅಂಕಿ, ಸ್ಟ್ರಿಂಗ್‌ಗಳನ್ನು ನಿಗಾಕ್ಕೆ ಇಡಲು ಹೋದರೆ ಟೈಪ್‌ಎರರ್ ಬರುತ್ತದೆ. ಅವಕ್ಕೆ ಹುಟ್ಟುಸಾವಿನ ಗೊಡವೆಯೇ ಇಲ್ಲ.

ಫಂಕ್ಷನ್ನಿನ ಕೈಗೆ ಸಿಗುವುದು ಚೀಟಿಯೇ, ಆಬ್ಜೆಕ್ಟ್ ಅಲ್ಲ. ಈ ವಿನ್ಯಾಸದ ಜಾಣತನವೆಲ್ಲ ಇಲ್ಲಿದೆ. ಜಾವಾ ಭಾಷೆ ತನ್ನ ಮೊದಲ ದಿನಗಳಿಂದಲೇ ‘ಫೈನಲೈಸ್’ ಎಂಬ ಮೆಥಡ್ ಇಟ್ಟುಕೊಂಡಿತ್ತು. ಅದು ಸಾಯಲಿರುವ ಆಬ್ಜೆಕ್ಟಿನ ಒಳಗೇ ಓಡುತ್ತಿತ್ತು. ಹಾಗಾಗಿ ಕೊನೆಗಳಿಗೆಯಲ್ಲಿ ಆ ಆಬ್ಜೆಕ್ಟು ತನ್ನನ್ನು ತಾನೇ ಯಾವುದೋ ಪಟ್ಟಿಗೆ ಸೇರಿಸಿಕೊಂಡು ಮತ್ತೆ ಎದ್ದು ಕೂರಬಹುದಿತ್ತು. ಸತ್ತದ್ದೋ ಬದುಕಿದ್ದೋ ಎಂಬ ತಕರಾರು ಬಗೆಹರಿಸುವಷ್ಟರಲ್ಲಿ ಕಲೆಕ್ಟರಿಗೆ ಕನಿಷ್ಠ ಒಂದು ಸುತ್ತು ಹೆಚ್ಚು ಕೆಲಸ. 2017ರ ಜಾವಾ 9 ಈ ಮೆಥಡ್ ಬಳಸಬೇಡಿ ಎಂದಿತು. 2022ರ ಜಾವಾ 18 ಮುಂದೆ ತೆಗೆದೇ ಹಾಕುತ್ತೇವೆ ಎಂದು ಸಾರಿತು. ಜಾವಾಸ್ಕ್ರಿಪ್ಟ್ ಸಮಿತಿ ಈ ಪಾಡನ್ನು ನೋಡಿಯೇ ಕಲಿತಿತ್ತು. ಆಬ್ಜೆಕ್ಟು ಪೂರ್ತಿ ಹೋದ ಮೇಲೆ ಮಾತ್ರ ಸುದ್ದಿ, ಆದ್ದರಿಂದ ಎಬ್ಬಿಸಿ ಕೂರಿಸಲು ಅಲ್ಲಿ ಯಾರೂ ಇರುವುದಿಲ್ಲ.

ಒಂದೇ ಎಚ್ಚರ. ಚೀಟಿಯೊಳಗೇ ಆಬ್ಜೆಕ್ಟನ್ನು ಬರೆದಿಟ್ಟರೆ ಕಥೆ ಮುಗಿಯಿತು. ರಿಜಿಸ್ಟ್ರಿ ಚೀಟಿಯನ್ನು ಬಿಗಿಯಾಗಿ ಹಿಡಿದಿರುತ್ತದೆ, ಚೀಟಿ ಆಬ್ಜೆಕ್ಟನ್ನು ಹಿಡಿದಿರುತ್ತದೆ, ಸಾವೂ ಇಲ್ಲ ಸುದ್ದಿಯೂ ಇಲ್ಲ.

ಇನ್ನು ಸಮಯದ ವಿಚಾರ. ದೂರದೂರಿನಲ್ಲಿ ನೆಂಟರೊಬ್ಬರು ತೀರಿಕೊಂಡರೆ ಸೂತಕದ ಸ್ನಾನ ಸುದ್ದಿ ಕಿವಿಗೆ ಬಿದ್ದಾಗಲೇ ತಾನೆ? ಸುದ್ದಿ ತಡವಾದರೆ ಸ್ನಾನವೂ ತಡ, ಸುದ್ದಿಯೇ ಬಾರದಿದ್ದರೆ ಸ್ನಾನವೂ ಇಲ್ಲ. ರಿಜಿಸ್ಟ್ರಿಯದೂ ಇದೇ ವ್ಯವಹಾರ. ಆಬ್ಜೆಕ್ಟನ್ನು ಕೈಬಿಟ್ಟ ಎಷ್ಟು ಹೊತ್ತಿಗೆ ಕರೆ ಬರಬೇಕೆಂದು ಭಾಷೆ ಎಲ್ಲೂ ಹೇಳಿಲ್ಲ, ಬಂದೇ ಬರುತ್ತದೆ ಎಂಬ ಭರವಸೆಯನ್ನೂ ಕೊಟ್ಟಿಲ್ಲ. ಮೆಮೊರಿ ಧಾರಾಳವಾಗಿದ್ದರೆ ಕಲೆಕ್ಟರ್ ಈ ಕಡೆ ತಲೆಹಾಕದೇ ಇರಬಹುದು. ಟ್ಯಾಬ್ ಮುಚ್ಚಿದರೆ, ಬ್ರೌಸರಿನ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನಲ್ಲಿ ಪ್ರೋಗ್ರಾಂ ಮುಗಿದರೆ ಬಾಕಿ ಸುದ್ದಿಗಳೆಲ್ಲ ಹಾಗೇ ಉಳಿದವು. ರಿಜಿಸ್ಟ್ರಿಯನ್ನೇ ಯಾರೂ ಹಿಡಿದುಕೊಂಡಿಲ್ಲದಿದ್ದರೆ ಅದೂ ಕಸವೇ, ಆಮೇಲೆ ಸುದ್ದಿ ತರುವವರು ಯಾರು?

ಪ್ರಯೋಗಕ್ಕೆ ಕೂತವರು ಮೊದಲು ಎಡವುವುದು ಇಲ್ಲೇ. ಆಬ್ಜೆಕ್ಟಿಗೆ ‘ನಲ್’ ಹಾಕಿ, ಸುದ್ದಿ ಬರುವ ತನಕ ಸುತ್ತುವ ಒಂದು ವೈಲ್ ಲೂಪ್ ಬರೆದರೆ ಅದು ಯುಗಾಂತರದವರೆಗೂ ಸುತ್ತುತ್ತದೆ. ಓಡುತ್ತಿರುವ ಕೋಡು ಕೈಯಲ್ಲಿರುವ ಕೆಲಸ ಮುಗಿಸಿ ದಾರಿಬಿಟ್ಟ ಮೇಲೆಯೇ ಸುದ್ದಿಯ ಸರದಿ. ವೀಕ್‌ರೆಫ್ ಮೂಲಕ ಆಬ್ಜೆಕ್ಟನ್ನು ಒಮ್ಮೆ ಮುಟ್ಟಿದರೂ ಆ ಕೆಲಸ ಮುಗಿಯುವ ತನಕ ಅದನ್ನು ಉಳಿಸಿಕೊಳ್ಳಬೇಕೆಂಬ ನಿಯಮವಿದೆ. ಮಧ್ಯೆ ಒಂದು ‘ಸೆಟ್‌ಟೈಮೌಟ್’ ಇಟ್ಟು ಉಸಿರು ಬಿಡಲು ಬಿಡಿ. ನೋಡ್ ಅನ್ನು ‘ಎಕ್ಸ್‌ಪೋಸ್ ಜಿಸಿ’ ಆಯ್ಕೆಯೊಡನೆ ಓಡಿಸಿದರೆ ಕಲೆಕ್ಟರನ್ನು ನಾವೇ ಕರೆಯಬಹುದು. ಕ್ರೋಮಿನ ಡೆವ್‌ಟೂಲ್ಸ್‌ನಲ್ಲಿ ಮೆಮೊರಿ ಟ್ಯಾಬಿನಲ್ಲೂ ಅದಕ್ಕೊಂದು ಗುಂಡಿ ಇದೆ. ಕುತೂಹಲಕ್ಕೆಂದು ಆಬ್ಜೆಕ್ಟನ್ನು ಕನ್ಸೋಲಿನಲ್ಲಿ ಮುದ್ರಿಸಬೇಡಿ. ಕನ್ಸೋಲೇ ಅದನ್ನು ಹಿಡಿದುಕೊಂಡು ಕೂರುತ್ತದೆ.

ಇಷ್ಟು ಅಸ್ಥಿರವಾದದ್ದನ್ನು ಸಮಿತಿ ಒಪ್ಪಿದ್ದಾದರೂ ಏಕೆ, ಅದಕ್ಕೂ ಮೊದಲು ಅಷ್ಟು ವರ್ಷ ತಡೆದದ್ದೇಕೆ? ತಾನಾಗಿ ಕಸ ತೆಗೆಯುವ ವಿಚಾರ ಹೊಸದಲ್ಲ. ಜಾನ್ ಮೆಕಾರ್ಥಿ ತಮ್ಮ ಲಿಸ್ಪ್ ಭಾಷೆಯ ಬಗ್ಗೆ 1960ರಲ್ಲಿ ಬರೆದ ಪ್ರಬಂಧದಲ್ಲೇ ಅದನ್ನು ವಿವರಿಸಿದ್ದರು. 1995ರಲ್ಲಿ ಬ್ರೆಂಡನ್ ಐಕ್ ನೆಟ್‌ಸ್ಕೇಪ್‌ನಲ್ಲಿ ಜಾವಾಸ್ಕ್ರಿಪ್ಟ್ ಕಟ್ಟಿದಾಗ ಜಾಗ ಬಿಡಿಸುವ ಹೊಣೆಯನ್ನು ಕೋಡು ಬರೆಯುವವರ ಮೇಲೆ ಹೊರಿಸಲಿಲ್ಲ. ಕಲೆಕ್ಟರ್ ಒಂದೊಂದು ಬ್ರೌಸರಿನಲ್ಲಿ ಒಂದೊಂದು ಬಗೆ. ಅದರ ಓಡಾಟ ಕಣ್ಣಿಗೆ ಬಿದ್ದರೆ ಜನ ಕ್ರೋಮಿನ ವೇಳೆ ನೋಡಿಕೊಂಡು ಕೋಡು ಬರೆಯುತ್ತಾರೆ, ಅದು ಫೈರ್‌ಫಾಕ್ಸಿನಲ್ಲಿ ಮುರಿದುಬೀಳುತ್ತದೆ ಎಂಬ ಅಂಜಿಕೆ ಸಮಿತಿಗಿತ್ತು. ತನ್ನ ಕೀಲಿಗಳನ್ನು ಬಿಗಿಯಾಗಿ ಹಿಡಿಯದ ಪಟ್ಟಿಯಾಗಿ 2015ರಲ್ಲಿ ಬಂದ ವೀಕ್‌ಮ್ಯಾಪ್‌ನಲ್ಲಿ ಏನೇನಿದೆ ಎಂದು ಎಣಿಸಲು ಬಿಡದಿರುವುದೂ ಇದೇ ಕಾರಣಕ್ಕೆ. ಎಣಿಕೆ ಕಡಿಮೆಯಾದರೆ ಯಾರೋ ಹೋದರೆಂದು ತಿಳಿದುಬಿಡುತ್ತದಲ್ಲ!

ಪಟ್ಟು ಸಡಿಲಿಸಿದ ಒಂದು ದೊಡ್ಡ ಕಾರಣ ವೆಬ್‌ಅಸೆಂಬ್ಲಿ. ರಸ್ಟ್, ಸಿ ಪ್ಲಸ್ ಪ್ಲಸ್ ಭಾಷೆಗಳ ಕೋಡು ಬ್ರೌಸರಿನೊಳಗೆ ಬಂದಾಗ ಅವು ತೆಗೆದುಕೊಂಡ ಮೆಮೊರಿ ಜಾವಾಸ್ಕ್ರಿಪ್ಟಿನ ಕಲೆಕ್ಟರಿಗೆ ಕಾಣದು. ಈಚೆ ಬದಿಯ ಆಬ್ಜೆಕ್ಟು ಹೋದಾಗ ಆಚೆ ಬದಿಯಲ್ಲೂ ಜಾಗ ಬಿಡಿಸಬೇಕೆಂದರೆ ಸುದ್ದಿ ಬೇಕೇ ಬೇಕು. ರಸ್ಟ್‌ನವರ ವಾಸ್ಮ್-ಬೈಂಡ್‌ಜೆನ್, ಸಿ ಪ್ಲಸ್ ಪ್ಲಸ್‌ನವರ ಎಮ್‌ಸ್ಕ್ರಿಪ್ಟನ್ ಎರಡೂ ಇಂದು ಈ ರಿಜಿಸ್ಟ್ರಿಯನ್ನು ಬಳಸುತ್ತವೆ. ಡೀನ್ ಟ್ರಿಬಲ್, ಮಾರ್ಕ್ ಮಿಲ್ಲರ್ ಮೊದಲಾದವರು ಮುಂದಿಟ್ಟ ಪ್ರಸ್ತಾವವೇ, ಸಾಧ್ಯವಾದರೆ ಇದನ್ನು ಬಳಸದೆ ಇರಿ ಎಂದು ಬುದ್ಧಿ ಹೇಳುತ್ತದೆ. ತಾವೇ ತಂದ ವಸ್ತುವಿನ ಮೇಲೆ ಎಚ್ಚರಿಕೆ ಬರೆದಿಟ್ಟ ಕಸುಬುದಾರರ ಮೇಲೆ ನನಗೆ ಗೌರವ.

ನನ್ನ ಮಟ್ಟಿಗೆ ರಿಜಿಸ್ಟ್ರಿಯ ನಿಜವಾದ ರುಚಿ ಇರುವುದು ಸುದ್ದಿ ಬರದೇ ಇದ್ದಾಗ. ತೇರಿನ ಪುಟದಲ್ಲಿ ಇದನ್ನು ನೋಡಲು ಬೇಕೆಂದೇ ಒಂದು ಕೀಟಲೆ ಮಾಡಬಹುದು. ಕಿಟಕಿಯ ಅಳತೆ ಬದಲಾದಾಗ ಚಿತ್ರವನ್ನು ಸರಿಹೊಂದಿಸಲೆಂದು ಪ್ರತಿ ಚಿತ್ರಕ್ಕೂ ಒಂದು ‘ರೀಸೈಜ್’ ಲಿಸನರ್ ಸೇರಿಸಿ, ಅದನ್ನು ತೆಗೆಯುವ ಸಾಲನ್ನು ಬಿಟ್ಟುಬಿಡಿ. ಪರದೆಯ ಮೇಲೆ ಎಲ್ಲ ಸರಿಯಾಗಿಯೇ ಓಡುತ್ತದೆ. ಕಲೆಕ್ಟರ್ ಗುಂಡಿ ಎಷ್ಟು ಒತ್ತಿದರೂ ಸುದ್ದಿಗಾರ ತುಟಿ ಬಿಚ್ಚುವುದಿಲ್ಲ. ಆಗ ಅದೇ ಮೆಮೊರಿ ಟ್ಯಾಬಿನಲ್ಲಿ ಹೀಪ್ ಸ್ನ್ಯಾಪ್‌ಶಾಟ್ ತೆಗೆದು, ಒಂದು ಚಿತ್ರವನ್ನು ಆರಿಸಿ, ಕೆಳಗಿನ ‘ರಿಟೇನರ್ಸ್’ ಪಟ್ಟಿಯನ್ನು ನೋಡಿ. ಚಿತ್ರವನ್ನು ಹಿಡಿದದ್ದು ಒಂದು ಫಂಕ್ಷನ್, ಫಂಕ್ಷನ್ನನ್ನು ಹಿಡಿದದ್ದು ಲಿಸನರ್, ಲಿಸನರನ್ನು ಹಿಡಿದದ್ದು ಕಿಟಕಿ. ಇಡೀ ವಂಶಾವಳಿ ಅಲ್ಲಿ ಬಿಚ್ಚಿಕೊಳ್ಳುತ್ತದೆ. ಲಿಸನರಿಗೆ ಒಂದು ‘ಅಬಾರ್ಟ್‌ಕಂಟ್ರೋಲರ್’ ಕಟ್ಟಿ, ಚಿತ್ರ ಬದಲಾಗುವಾಗ ಅದನ್ನು ಕಡಿಯಿರಿ. ಮುಂದಿನ ಬಾರಿ ಗುಂಡಿ ಒತ್ತಿದಾಗ ಚೀಟಿಗಳು ಸಾಲಾಗಿ ಬಂದು ಬೀಳುತ್ತವೆ.

ಹಾಗಾದರೆ ವಿಳಾಸ ರದ್ದುಮಾಡುವ ಕೆಲಸವನ್ನು ಸುದ್ದಿಗಾರನಿಗೇ ಬಿಡಬಹುದೇ? ಬೇಡ. ಚಿತ್ರ ಬದಲಾಗುವ ಗಳಿಗೆ ನಮಗೆ ಗೊತ್ತಿರುತ್ತದೆ, ಅಲ್ಲೇ ರಿವೋಕ್ ಮಾಡಿ, ನೋಂದಣಿಯ ವೇಳೆ ಇಟ್ಟ ಟೋಕನ್ ಕೊಟ್ಟು ನೋಂದಣಿಯನ್ನೂ ತೆಗೆಸಿಬಿಡಬೇಕು. ಟೈಪ್‌ಸ್ಕ್ರಿಪ್ಟ್ 5.2ರಿಂದ ಸಿಕ್ಕಿರುವ ‘ಯೂಸಿಂಗ್’ ಘೋಷಣೆ ಇಂಥ ಮುಚ್ಚುವ ಕೆಲಸವನ್ನು, ಬ್ಲಾಕ್ ಮುಗಿದ ಕೂಡಲೇ, ತಪ್ಪದೆ ಮಾಡಿಸುತ್ತದೆ. ಹೀಗೆ ಬರೆದ ಪುಟದಲ್ಲಿ ಸುದ್ದಿಗಾರನ ಫಂಕ್ಷನ್ನಿಗೆ ಒಂದೇ ಕೆಲಸ ಉಳಿಯುತ್ತದೆ: ಯಾವ ಚಿತ್ರವನ್ನು ಮುಚ್ಚದೆ ಕೈಬಿಟ್ಟಿರಿ ಎಂದು ಚೀಟಿ ಸಮೇತ ದೂರು ಹೇಳುವುದು. ದೂರು ಬಂದರೆ ಕೋಡು ತಿದ್ದಿ. ಮುಚ್ಚುವ ಸಾಲಿನ ಬದಲಿಗೆ ಮಾತ್ರ ಅವನನ್ನು ಕೂರಿಸಬೇಡಿ.