ತಿರುವಿನ ರುಚಿ

ಕಾರಿನ ಚೆಲುವನ್ನು ಬಣ್ಣದಲ್ಲಿ, ದೀಪದಲ್ಲಿ, ಬಾನೆಟ್ಟಿನ ಬಾಗಿನಲ್ಲಿ ಹುಡುಕುವವರೇ ಹೆಚ್ಚು. ನಾನು ಮೊಣಕಾಲೂರಿ, ಕೆನ್ನೆಯನ್ನು ನೆಲಕ್ಕೆ ತಾಗಿಸಿ, ಹೊಟ್ಟೆಯ ಕೆಳಗೆ ಇಣುಕುವ ಜಾತಿಯವನು. ಅಲ್ಲಿ, ಎಡಬಲದ ಚಕ್ರಗಳ ನಡುವೆ, ಧೂಳು ಹೊದ್ದು ಅಡ್ಡಲಾಗಿ ಮಲಗಿರುವ ಒಂದು ಉಕ್ಕಿನ ಸರಳಿದೆ. ಎರಡು ತುದಿಗಳಲ್ಲೂ ತೋಳು ಮಡಿಸಿಕೊಂಡು, ಪುಟ್ಟ ಲಿಂಕ್ ರಾಡುಗಳ ಮೂಲಕ ಒಂದೊಂದು ಚಕ್ರದ ಕೈ ಹಿಡಿದಿರುವ ಸರಳು. ಗ್ಯಾರೇಜಿನವರ ಬಾಯಲ್ಲಿ ಅದು ಸ್ಟೆಬಿಲೈಸರ್ ರಾಡ್. ಕಾರಿನ ಹುಚ್ಚು ಹತ್ತಿದವರ ಬಾಯಲ್ಲಿ ಸ್ವೇ ಬಾರ್. ಅದಕ್ಕೆ ಮೋಟರಿಲ್ಲ, ವೈರಿಲ್ಲ, ಎಣ್ಣೆಯೂ ಬೇಕಿಲ್ಲ. ಆದರೂ ಒಂದು ಸಂಸಾರಸ್ಥ ಸೆಡಾನಿನ ನಡಿಗೆಯಲ್ಲಿ ಗತ್ತು ಎಂಬುದೇನಾದರೂ ಇದ್ದರೆ ಅದರಲ್ಲಿ ದೊಡ್ಡ ಪಾಲು ಈ ಬಡಪಾಯಿ ಸರಳಿನದು.

ಕೆನಡಾದ ಫ್ರೆಡರಿಕ್ಟನ್ ಪಟ್ಟಣದ ಸ್ಟೀಫನ್ ಕೋಲ್ಮನ್ ಎಂಬಾತ 1919ರಲ್ಲೇ ಇಂಥದ್ದೊಂದು ಸರಳಿಗೆ ಪೇಟೆಂಟ್ ಪಡೆದಿದ್ದ. ಒಂದು ಶತಮಾನ ದಾಟಿದ ಮೇಲೂ ಅದರ ಮೂಲ ತತ್ತ್ವ ಹಾಗೇ ಉಳಿದಿದೆ ಎಂದರೆ ಆ ಯೋಚನೆ ಎಷ್ಟು ದುಂಡಾಗಿತ್ತು ನೋಡಿ! ರಸ್ತೆಯ ಉಬ್ಬನ್ನು ಎರಡೂ ಚಕ್ರಗಳು ಒಟ್ಟಿಗೆ ಏರಿದರೆ ಸರಳು ತನ್ನ ಬುಷ್‌ಗಳೊಳಗೆ ಸುಮ್ಮನೆ ಹೊರಳುತ್ತದೆ, ಏನನ್ನೂ ತಡೆಯುವುದಿಲ್ಲ. ಕಾರು ತಿರುವಿಗೆ ಬಿದ್ದು, ಮೈಯೆಲ್ಲ ಹೊರಮಗ್ಗುಲಿಗೆ ವಾಲತೊಡಗಿ, ಒಂದು ಚಕ್ರ ಮೇಲಕ್ಕೆ ಅದುಮಿಕೊಂಡು ಇನ್ನೊಂದು ಕೆಳಗೆ ಜೋತಾಗ ಮಾತ್ರ ಅದಕ್ಕೆ ಎಚ್ಚರ. ಆಗ ಒಂದು ತೋಳು ಮೇಲಕ್ಕೆ, ಒಂದು ಕೆಳಕ್ಕೆ; ಒದ್ದೆ ಪಂಚೆಯನ್ನು ಇಬ್ಬರು ಎರಡು ಕಡೆ ಹಿಡಿದು ಹಿಂಡಿದ ಹಾಗೆ ಉಕ್ಕು ಉದ್ದಕ್ಕೂ ತಿರುಚಿಕೊಳ್ಳುತ್ತದೆ. ತಿರುಚಿದ ಒಳ್ಳೆಯ ಉಕ್ಕು ತನ್ನ ಮೊದಲಿನ ಆಕಾರಕ್ಕೆ ಮರಳಲು ಹಟ ಹಿಡಿಯುತ್ತದೆ. ಆ ಹಟವೇ ಕಾರಿನ ಮೈಯನ್ನು ನೆಟ್ಟಗೆ ಹಿಡಿಯುವ ಬಲ. ಸ್ಪ್ರಿಂಗುಗಳನ್ನೇ ಗಡುಸು ಮಾಡಿ ವಾಲುವುದನ್ನು ತಗ್ಗಿಸಬಹುದು, ನಿಜ. ಆದರೆ ಆ ಗಡಸುತನವನ್ನು ನೆಟ್ಟನೆ ದಾರಿಯಲ್ಲೂ ಬೆನ್ನುಮೂಳೆ ಸಹಿಸಬೇಕು. ಬೇಕಾದಾಗ ಬಂದು, ಬೇಡವಾದಾಗ ಸರಿದು ನಿಲ್ಲುವ ಈ ಸರಳಿನ ಸೌಜನ್ಯ ಸ್ಪ್ರಿಂಗಿಗೆ ಎಲ್ಲಿಂದ ಬರಬೇಕು?

ನನ್ನದು ಸ್ಕೋಡಾ ಲಾರಾ. ಔರಂಗಾಬಾದಿನಲ್ಲಿ ಜೋಡಿಸಿದ್ದು, 1.9 ಲೀಟರಿನ, ಬೆಳಗ್ಗೆ ಎಬ್ಬಿಸಿದರೆ ಬೀದಿಗೆಲ್ಲ ಕೇಳುವಂತೆ ಗೊಣಗುವ, 105 ಅಶ್ವಶಕ್ತಿಯ ಡೀಸೆಲ್ ಎಂಜಿನ್. ಅತ್ತೆ, ಮಕ್ಕಳು, ಊರಿನಿಂದ ಬರುವ ಅಕ್ಕಿಮೂಟೆ, ತೆಂಗಿನಕಾಯಿ ಎಲ್ಲವನ್ನೂ ನುಂಗಿ ಇನ್ನೂ ಜಾಗ ಉಳಿಸಿಕೊಳ್ಳುವ ಒಡಲು. ಇವೆಲ್ಲಕ್ಕಿಂತ ನನಗೆ ಇಷ್ಟ ಅದರ ಹಿಂಬದಿಯ ಸಸ್ಪೆನ್ಷನ್. ನಮ್ಮಲ್ಲಿ ಓಡಾಡುವ ಬಹುಪಾಲು ಮನೆಬಳಕೆಯ ಸೆಡಾನುಗಳಲ್ಲಿ ಹಿಂದಿನ ಎರಡು ಚಕ್ರಗಳನ್ನು ಒಂದೇ ತೊಲೆ ಬಿಗಿದಿರುತ್ತದೆ. ಲಾರಾದಲ್ಲಿ ಹಾಗಲ್ಲ, ಪ್ರತಿ ಚಕ್ರಕ್ಕೂ ತನ್ನದೇ ತೋಳುಗಳು, ತನ್ನದೇ ಸ್ವಾತಂತ್ರ್ಯ. ಇಷ್ಟು ಸುಸಂಸ್ಕೃತವಾದ ಹಿಂಬದಿಗೆ ಕೊಂಚ ದಪ್ಪನೆಯ ಸ್ವೇ ಬಾರ್ ತೊಡಿಸದೆ ಬಿಡುವುದಕ್ಕೆ ಮನಸ್ಸು ಒಪ್ಪಲಿಲ್ಲ.

ಇಲ್ಲಿ ದಪ್ಪದ ಲೆಕ್ಕವೇ ಒಂದು ಸೊಗಸು. ದುಂಡು ಸರಳು ತಿರುಚುವಿಕೆಗೆ ಒಡ್ಡುವ ಬಿಗುವು ಅದರ ವ್ಯಾಸದ ನಾಲ್ಕನೆಯ ಘಾತದಷ್ಟು ಏರುತ್ತದೆ. 18 ಮಿಲಿಮೀಟರಿನ ಸರಳಿನ ಪಕ್ಕದಲ್ಲಿ 20ರದ್ದನ್ನು ಇಟ್ಟು ಬೆರಳಾಡಿಸಿದರೆ ವ್ಯತ್ಯಾಸ ಗೊತ್ತಾಗುವುದೇ ಕಷ್ಟ. ಆದರೆ ಬಿಗುವು ಶೇಕಡಾ 50ಕ್ಕೂ ಮಿಕ್ಕಿ ಹೆಚ್ಚಿರುತ್ತದೆ. 22ಕ್ಕೆ ಹೋದರೆ ಎರಡು ಪಟ್ಟು ದಾಟಿತು. ಜಾಣರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಸರಳಿನ ಒಡಲನ್ನೇ ಟೊಳ್ಳು ಮಾಡುತ್ತಾರೆ. ತಿರುಚನ್ನು ತಡೆಯುವ ಕೆಲಸವನ್ನು ಹೆಚ್ಚಾಗಿ ಹೊರಮೈಯ ಉಕ್ಕೇ ಮಾಡುವುದರಿಂದ, 3 ಮಿಲಿಮೀಟರ್ ಗೋಡೆಯಿರುವ 25 ಮಿಲಿಮೀಟರಿನ ಕೊಳವೆ ಹೆಚ್ಚುಕಡಿಮೆ ಇಪ್ಪತ್ತೆರಡೂವರೆ ಮಿಲಿಮೀಟರಿನ ಗಟ್ಟಿ ಸರಳಿಗೆ ಸಮ. ತೂಕ ಮಾತ್ರ ಅದರ ಅರ್ಧದಷ್ಟೇ. ತೋಳಿನ ತುದಿಯಲ್ಲಿ ಎರಡು ಮೂರು ತೂತುಗಳಿರುವ ಸರಳುಗಳೂ ಇವೆ. ಲಿಂಕನ್ನು ಒಳಗಿನ ತೂತಿಗೆ ಸರಿಸಿದರೆ ತೋಳು ಗಿಡ್ಡವಾಗಿ ಬಿಗಿ, ಹೊರಗಿನದಕ್ಕೆ ಹಾಕಿದರೆ ಮೃದು. ಒಂದು ಬೋಲ್ಟಿನ ಜಾಗ ಬದಲಿಸಿ ಇಡೀ ಕಾರಿನ ಶ್ರುತಿ ಬದಲಿಸುವ ಸುಖ ಅದು.

ಜರ್ಮನಿಯ ಸಾವರ್‌ಲಾಂಡ್ ಸೀಮೆಯಲ್ಲಿ ಫಿನ್ನೆನ್‌ಟ್ರೋಪ್, ಲೆನ್ನೆಷ್ಟಾಟ್ ಎಂಬ ಅಕ್ಕಪಕ್ಕದ ಊರುಗಳಿವೆ. ಮೊದಲನೆಯದರಲ್ಲಿ ಐಬಾಖ್, 1951ರಲ್ಲಿ ಆರಂಭವಾದದ್ದು. ಎರಡನೆಯದರಲ್ಲಿ ಎಚ್ ಅಂಡ್ ಆರ್. ಸ್ಪ್ರಿಂಗು, ಸ್ವೇ ಬಾರುಗಳ ಲೋಕದಲ್ಲಿ ಇವೆರಡೂ ಘರಾಣೆಗಳೇ ಸರಿ. ನನ್ನ ಸರಳು ಪೊಟ್ಟಣದಿಂದ ಹೊರಬಂದಾಗ ಅದನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದೆ. ಸ್ಪ್ರಿಂಗ್ ಉಕ್ಕಿನ ಸರಳನ್ನು ಕಾಯಿಸಿ ಬಾಗಿಸಿ, ತಟ್ಟನೆ ತಣಿಸಿ, ಮತ್ತೆ ಹದವಾಗಿ ಕಾಯಿಸಿ ಅದರ ಪೆಡಸನ್ನು ಇಳಿಸಿರುತ್ತಾರೆ. ಪೆಡಸು ಉಳಿದರೆ ಬಿರುಕು, ಹೆಚ್ಚು ಇಳಿದರೆ ಸೋಲು. ಬಾಗುಗಳಲ್ಲಿ ಎಲ್ಲೂ ಸುಕ್ಕಿಲ್ಲ, ಎಲ್ಲೂ ಚಪ್ಪಟೆಯಾಗಿಲ್ಲ. ಇಂಧನದ ಟ್ಯಾಂಕು, ಸೈಲೆನ್ಸರ್ ಪೈಪುಗಳ ನಡುವೆ ನುಸುಳಿ ಹೋಗಬೇಕಾದ ಅಂಕುಡೊಂಕು ದಾರಿ ಆ ಉಕ್ಕಿನಲ್ಲೇ ಬರೆದಿದೆ. ತುದಿಗಳು ಮಾತ್ರ ಬಡಿದು ಹಲಗೆಯಾಗಿ, ನಡುವೆ ಅಂಚು ಸವರಿದ ದುಂಡು ತೂತು. ಮೇಲೆ ಪೌಡರ್ ಕೋಟಿಂಗಿನ ತೆಳುವಾದ, ಬೆರಳಿಗೆ ತುಸುವೇ ತರಿತರಿಯೆನಿಸುವ ಹೊದಿಕೆ. ಇನ್ನು ಮೇಲೆ ಯಾರ ಕಣ್ಣಿಗೂ ಬೀಳದ ವಸ್ತುವಿಗೆ ಇಷ್ಟು ಮುತುವರ್ಜಿ!

ಲಾರಾಗೆ ಇದನ್ನು ತೊಡಿಸಬೇಕಾದರೆ ಹಿಂಬದಿಯ ಸಬ್‌ಫ್ರೇಮನ್ನು ಸಡಿಲಿಸಿ ಕೆಳಕ್ಕಿಳಿಸಬೇಕು. ನಮ್ಮ ಗ್ಯಾರೇಜಿನ ಹುಡುಗ ಲಿಫ್ಟಿನ ಕೆಳಗೆ ನಿಂತು, ಹಳೆಯ ಸರಳನ್ನು ಎಳೆದು ತೆಗೆದು, ಹೊಸದನ್ನು ಓರೆಯಾಗಿ ತೂರಿಸಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಆಡಿಸಿ ಅದರ ಜಾಗಕ್ಕೆ ಕೂರಿಸಿದ ಬಗೆ ನೋಡುವಂತಿತ್ತು. ಹಳೆಯ ರಬ್ಬರ್ ಬುಷ್ ಹೋಗಿ ಪಾಲಿಯುರೆಥೇನ್ ಬುಷ್ ಬಂತು. ರಬ್ಬರ್ ಮೊದಲು ತಾನು ಕುಗ್ಗಿ ಆಮೇಲೆ ಸರಳಿಗೆ ಮಾತು ಮುಟ್ಟಿಸುತ್ತದೆ, ಇದು ತಡಮಾಡುವುದಿಲ್ಲ. ಆದರೆ ಒಳಮೈಗೆ ಅಂಟಂಟಾದ ಸಿಲಿಕೋನ್ ಗ್ರೀಸನ್ನು ಧಾರಾಳವಾಗಿ ಸವರದಿದ್ದರೆ ಪ್ರತಿ ಹಂಪಿಗೂ ಕೀಚಲು ರಾಗ ಹಾಡುತ್ತದೆ. ಕಡೆಯ ಬಿಗಿತವನ್ನು ಕಾರು ತನ್ನ ಭಾರವನ್ನು ಚಕ್ರಗಳ ಮೇಲೆ ಹೊತ್ತು ನಿಂತಾಗಲೇ ಕೊಟ್ಟ, ಟಾರ್ಕ್ ರೆಂಚು ‘ಕಟಕ್’ ಎನ್ನುವವರೆಗೆ. ನಿಂತ ಕಾರಿನಲ್ಲಿ ಸರಳಿನ ಮೇಲೆ ಎಳ್ಳಷ್ಟೂ ತಿರುಚು ಇರಬಾರದು ಎಂಬುದು ಅವನ ಶಿಸ್ತು. ಕೈ ಒರೆಸಿಕೊಳ್ಳುತ್ತ ಕೇಳಿದ: “ಸಾರ್, ಇಷ್ಟು ದುಡ್ಡು ಹಾಕಿದ್ರಿ, ಹೊರಗೆ ಏನೂ ಕಾಣ್ಸೋದೇ ಇಲ್ವಲ್ಲ?”

ಕಾಣುವುದಿಲ್ಲ, ನಿಜ. ಅದನ್ನು ತಿಳಿಯಲು ಮೂಡಿಗೆರೆ ದಾಟಿ, ಕೊಟ್ಟಿಗೆಹಾರದಲ್ಲಿ ಬಿಸಿ ನೀರುದೋಸೆ ತಿಂದು, ಚಾರ್ಮಾಡಿ ಘಾಟಿ ಇಳಿಯಬೇಕು.

ಮೊದಲ ತಿರುವು. ಸ್ಟೇರಿಂಗ್ ತಿರುಗಿಸಿದೊಡನೆ ಮೂತಿ ತಿರುಗಿತು. ಹಿಂಬದಿ ಅದರ ಬೆನ್ನಿಗೇ ಬಂತು. ಮೊದಲು ಇವೆರಡರ ನಡುವೆ ಒಂದು ಸೋಮಾರಿ ವಿರಾಮವಿತ್ತು: ಕಾರು ವಾಲಿ, ವಾಲಿದ್ದು ಸಾಕೆಂದು ನಿಂತು, ಆಮೇಲೆ ತಿರುಗುವ ಮನಸ್ಸು ಮಾಡುತ್ತಿತ್ತು. ಈಗ ಆ ವಿರಾಮ ಕರಗಿದೆ. ಎಡತಿರುವು ಮುಗಿದು ಬಲತಿರುವು ಶುರುವಾಗುವ ಆ ಸಂಧಿಯಲ್ಲಿ, ಮೈಯ ಭಾರ ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ಹಾಯುವ ಆ ಒಂದು ಗಳಿಗೆಯಲ್ಲಿ, ಕಾರು ತೂಗಾಡದೆ, ತಡವರಿಸದೆ, ಅವಸರವನ್ನೂ ಮಾಡದೆ, ಮೆಲ್ಲನೆ, ಒಂದೇ ಎಳೆಯಲ್ಲಿ, ಇತ್ತಲಿಂದ ಅತ್ತ ಹೊರಳುತ್ತದೆ. ಅಂಗೈಗೆ ರಸ್ತೆಯ ನುಣುಪು, ಒರಟು, ತೇವ ಎಲ್ಲ ಬಿಡಿಬಿಡಿಯಾಗಿ ತಿಳಿಯುತ್ತದೆ. ಇನ್ನೊಂದು ತಿರುವು ಬರಲಿ ಎನ್ನಿಸುತ್ತದೆ. ಬರುತ್ತದೆ, ಚಾರ್ಮಾಡಿಯಲ್ಲಿ ಅದಕ್ಕೇನು ಬರ?

ಈ ಸುಖದ ಗುಟ್ಟು ವಾಲುವುದು ಕಡಿಮೆಯಾದದ್ದರಲ್ಲಷ್ಟೇ ಇಲ್ಲ. ತಿರುವಿನಲ್ಲಿ ಒಳಚಕ್ರಗಳಿಂದ ಹೊರಚಕ್ರಗಳಿಗೆ ಹಾಯುವ ಒಟ್ಟು ಭಾರವನ್ನು ನಿರ್ಧರಿಸುವುದು ಕಾರಿನ ತೂಕ, ಎತ್ತರ, ಅಗಲ ಮತ್ತು ತಿರುವಿನ ವೇಗ. ಸ್ವೇ ಬಾರ್ ಅದನ್ನು ಕಡಿಮೆ ಮಾಡಲಾರದು. ಅದು ಮಾಡುವುದು ಹಂಚಿಕೆ. ಟೈರಿನ ಮೇಲೆ ಭಾರ ಇಮ್ಮಡಿಯಾದರೆ ಹಿಡಿತ ಇಮ್ಮಡಿಯಾಗುವುದಿಲ್ಲ, ಕೊಂಚ ಹಿಂದೆಯೇ ಉಳಿಯುತ್ತದೆ. ಮುಂದಿನ ಚಕ್ರಗಳು ಎಳೆಯುವ, ಮೂಗಿನ ಮೇಲೆ ಕಬ್ಬಿಣದ ಡೀಸೆಲ್ ಎಂಜಿನ್ ಹೊತ್ತ ಸೆಡಾನಿನಲ್ಲಿ ಮುಂದಿನ ಹೊರಚಕ್ರ ಮೊದಲೇ ಏದುಸಿರು ಬಿಡುತ್ತಿರುತ್ತದೆ; ಆದ್ದರಿಂದಲೇ ಮೂತಿ ತಿರುವಿನಿಂದ ಆಚೆಗೆ ಜಗ್ಗುವುದು. ಹಿಂದಿನ ಸರಳು ಗಟ್ಟಿಯಾದರೆ ಹಾಯುವ ಭಾರದ ಹೆಚ್ಚಿನ ಪಾಲನ್ನು ಹಿಂಬದಿ ವಹಿಸಿಕೊಳ್ಳುತ್ತದೆ, ಮುಂದಿನ ಜೋಡಿ ಸಮಸಮವಾಗಿ ನೆಲ ಹಿಡಿಯುತ್ತದೆ. ಹಿಂದೆ ಮಾಡಿದ ಕೆಲಸದ ಫಲ ಮುಂದೆ ಸಿಗುವ ಈ ಜಾಣ್ಮೆ ನನಗೆ ಎಷ್ಟು ಬಾರಿ ಮೆಲುಕು ಹಾಕಿದರೂ ಸಾಲದು.

ಸ್ವೇ ಬಾರಿನ ಪರಮಾವಧಿ ನೋಡಬೇಕೆಂದರೆ ಫ್ರಾನ್ಸಿನ ಸಿಟ್ರೊಯೆನ್ ಕ್ಸಾಂಟಿಯಾ ಆಕ್ಟಿವಾ ನೋಡಬೇಕು. 1990ರ ದಶಕದ ಈ ಸಂಸಾರಿ ಕಾರಿನ ಸ್ವೇ ಬಾರುಗಳಿಗೆ ಹೈಡ್ರಾಲಿಕ್ ಸಿಲಿಂಡರುಗಳನ್ನು ಜೋಡಿಸಿ, ವಾಲುವುದನ್ನೇ ಹೆಚ್ಚುಕಡಿಮೆ ಅಳಿಸಿಹಾಕಿದ್ದರು. ದಾರಿಗೆ ಅಡ್ಡಬಂದ ಮೂಸ್ ಪ್ರಾಣಿಯನ್ನು ತಪ್ಪಿಸುವಂತೆ ಸರಕ್ಕನೆ ಎಡಬಲ ತಿರುಗಿಸುವ ಸ್ವೀಡನ್ನಿನ ಪರೀಕ್ಷೆಯಲ್ಲಿ ಅದು 1999ರಲ್ಲಿ 85 ಕಿಲೋಮೀಟರ್ ವೇಗದಲ್ಲಿ ಹಾದುಹೋಯಿತು. ದೊಡ್ಡ ದೊಡ್ಡ ಸ್ಪೋರ್ಟ್ಸ್ ಕಾರುಗಳು ವರ್ಷಗಟ್ಟಲೆ ಆ ಅಂಕಿಯನ್ನು ತಲೆಯೆತ್ತಿ ನೋಡಬೇಕಾಯಿತು.

ನಮಗೆ ಅಷ್ಟು ಬೇಡ, ಹದ ಸಾಕು. ಸರಳು ಅತಿಯಾಗಿ ಗಟ್ಟಿಯಾದರೆ ಎಡಚಕ್ರ ಗುಂಡಿಗೆ ಬಿದ್ದ ಸುದ್ದಿಯನ್ನು ಬಲಚಕ್ರಕ್ಕೂ ಹೊತ್ತೊಯ್ದು, ಒಳಗೆ ಕೂತವರ ತಲೆಯನ್ನು ಅತ್ತಿತ್ತ ಒಗೆಯುತ್ತದೆ. ಮಳೆಗಾಲದ ಘಾಟಿಯಲ್ಲಿ ಹಿಂಬದಿ ಜಾರಲು ಹವಣಿಸುತ್ತದೆ. ಚಿಕ್ಕಮಗಳೂರಿನ ಕಾಫಿತೋಟದ ಮಣ್ಣುದಾರಿಗಳಲ್ಲಿ ಓಡುವಂಥ ರ‍್ಯಾಲಿ ಕಾರುಗಳಿಗೆ ಮೃದುವಾದ ಸರಳನ್ನೇ ಆರಿಸುವುದು ಇದಕ್ಕೇ: ಏರುತಗ್ಗಿನ ಮಣ್ಣಿನಲ್ಲಿ ಪ್ರತಿ ಚಕ್ರವೂ ತನ್ನ ಪಾಡಿಗೆ ನೆಲ ಹುಡುಕಬೇಕು. ಕಾರ್ಖಾನೆಯದಕ್ಕಿಂತ ಒಂದೇ ಮೆಟ್ಟಿಲು ಮೇಲೆ ಹೋಗಿ ನಿಲ್ಲುವುದರಲ್ಲಿ ರಸಿಕತೆಯಿದೆ. ಆ ಹದಕ್ಕೆ ನಮ್ಮ ಮನೆಯಲ್ಲಿ ಸಿಕ್ಕ ಮೆಚ್ಚುಗೆಯೂ ಮರೆಯುವಂಥದ್ದಲ್ಲ. ಘಾಟಿಯುದ್ದಕ್ಕೂ ಕಿಟಕಿಯ ಮೇಲಿನ ಹಿಡಿಕೆಗೆ ಜೋತುಬೀಳುತ್ತಿದ್ದ ಅತ್ತೆ, ಈ ಸಲ ಎರಡೂ ಕೈ ಬಿಟ್ಟು ಎಲೆಗೆ ಸುಣ್ಣ ಸವರುತ್ತ ಕೂತಿದ್ದರು. “ಇವತ್ತು ನಿಧಾನ ಓಡಿಸ್ತಿದ್ದೀರಿ, ಒಳ್ಳೇದಾಯ್ತು” ಎಂದರು. ನಾನು ಎಂದಿನ ವೇಗದಲ್ಲೇ ಇದ್ದೆ.

ನಿಮ್ಮ ಕಾರಿಗೂ ಆಸೆಯಾದರೆ ಮೊದಲು ಸವೆದ ಬುಷ್, ಲಿಂಕ್ ರಾಡುಗಳನ್ನು ಹೊಸದು ಮಾಡಿಸಿ; ಎಷ್ಟೋ ಕಾರುಗಳ ಯೌವನ ಅಷ್ಟರಲ್ಲೇ ಮರಳುತ್ತದೆ. ಆಮೇಲೆ ಹಿಂದಿನ ಸರಳು. ಹಾಕಿಸಿದ ದಿನ ಎಸ್ ಆಕಾರದ, ಎದುರಿನ ದಾರಿ ಚೆನ್ನಾಗಿ ಕಾಣುವ ಒಂದು ತಿರುವು ಹುಡುಕಿಕೊಳ್ಳಿ. ಸ್ಟೀರಿಯೊ ಆರಿಸಿ, ಸ್ಟೇರಿಂಗನ್ನು ಬೆರಳ ತುದಿಯಲ್ಲಿ ಹಿಡಿಯಿರಿ, 50 ಕಿಲೋಮೀಟರ್ ವೇಗ ದಾಟಬೇಡಿ. ಈ ರುಚಿಗೆ ಅಷ್ಟು ಧಾರಾಳವಾಗಿ ಸಾಕು.